ಕರೆಂಟ್ ಬಂದ ಮೇಲೆ ಮಷೀನು ಯಾವ ನಂಬರಿನಲ್ಲಿದೆ?

ಆಷಾಢದ ಗಾಳಿಗೆ ನಮ್ಮೂರಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಹೋದ ಕರೆಂಟ್ ಬಂದ ಮೇಲೂ ಅಪ್ಪಯ್ಯನ ಫೋನ್ ಬಂತೆಂದರೆ ಮಾತ್ರ ಏನೋ ಕೆಟ್ಟಿದೆ ಎಂದು ಲೆಕ್ಕ.

"ನಿನ್ನ ಡಬ್ಬಿಯ ದೀಪ ಎಲ್ಲ ಉರೀತಾ ಇದೆ ಮಾರಾಯ. ಆದ್ರೆ ಫೋಟೋನೂ ಬರ್ತಿಲ್ಲ, ತೋಟದ ಕ್ಯಾಮೆರಾನೂ ಇಲ್ಲ."

"ಅದು ಪಾಸ್‌ವರ್ಡ್ ಕಾಯ್ತಾ ಕೂತಿರತ್ತೆ ಅಪ್ಪಯ್ಯ. ಇಲ್ಲಿಂದಲೇ ಹಾಕ್ತೀನಿ, ಎರಡು ನಿಮಿಷ."

ಎರಡು ನಿಮಿಷ ಒಂದು ಗಂಟೆಯಾಯಿತು. ಆ ಮಷೀನು ವರ್ಷದಿಂದ 192.168.1.41ರಲ್ಲಿ ಕೂತಿತ್ತು. ಬೆಂಗಳೂರಿನಿಂದ ಆ ನಂಬರಿನ ಬಾಗಿಲು ಎಷ್ಟು ತಟ್ಟಿದರೂ ಅಲ್ಲಿಗೆ ದಾರಿಯೇ ಇಲ್ಲ ಎಂಬ ಒಂದೇ ಉತ್ತರ. ಕೇಬಲ್ ಕೀಳಿಸಿ ಹಾಕಿಸಿದೆ, ರೂಟರ್ ಆರಿಸಿ ಹಚ್ಚಿಸಿದೆ, ಅಪ್ಪಯ್ಯನ ತಾಳ್ಮೆಯನ್ನೂ ಅಳೆದು ನೋಡಿದೆ. ಕೊನೆಗೆ ಗೊತ್ತಾಗಿದ್ದು ಇಷ್ಟು: ಮಷೀನು ನೆಟ್ಟಗೇ ಇತ್ತು, ನೆಟ್‌ವರ್ಕಿನಲ್ಲೇ ಇತ್ತು, ಪಾಸ್‌ವರ್ಡಿಗೆ ಕಾಯುತ್ತಲೂ ಇತ್ತು. ಕೂತಿದ್ದು ಮಾತ್ರ 192.168.1.23ರಲ್ಲಿ.

ಅಟ್ಟದ ಮೇಲಿರುವುದು ಹಳೆಯ ಡೆಸ್ಕ್‌ಟಾಪ್, ಡೆಬಿಯನ್ 12. ಮನೆಯ ಕಾಗದಪತ್ರ, ಫೋಟೋ ಎಲ್ಲ ಅದರಲ್ಲಿರುವುದರಿಂದ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದೇನೆ. ಅದರ ಪಕ್ಕದಲ್ಲಿ ಸದಾ ಉರಿಯುವ ಪುಟ್ಟ ರಾಸ್ಪ್‌ಬೆರಿ ಪೈ ಇದೆ. ನಾನು ವೈರ್‌ಗಾರ್ಡ್ ಸುರಂಗದ ಮೂಲಕ ಮೊದಲು ಪೈಗೆ ಬಂದು, ಅಲ್ಲಿಂದ ದೊಡ್ಡ ಮಷೀನಿಗೆ ಹೋಗುವುದು. ಯುಪಿಎಸ್ ಗಟ್ಟಿಯಾಗಿದ್ದಷ್ಟು ದಿನ ದೂರದಿಂದ ಬೀಗ ತೆಗೆಯುವ ಪ್ರಸಂಗ ಬಂದಿರಲಿಲ್ಲ. ಊರಿಗೆ ಹೋದಾಗ ಕೀಬೋರ್ಡಿನಲ್ಲೇ ಪಾಸ್‌ವರ್ಡ್ ಒತ್ತಿ ಬರುತ್ತಿದ್ದೆ. ಹಾಗಾಗಿ ಈ ಎರಡನೇ ನಂಬರಿನ ಗುಟ್ಟು ನನಗೆ ಗೊತ್ತೇ ಆಗಿರಲಿಲ್ಲ.

ಮನೆಯಲ್ಲೋ ಸಣ್ಣ ಆಫೀಸಿನಲ್ಲೋ ಲಿನಕ್ಸ್ ಸರ್ವರ್ ಇಟ್ಟುಕೊಂಡವರಿಗೆ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಇಲ್ಲಿ ಆಜ್ಞೆ, ಫೈಲು, ಸೆಟ್ಟಿಂಗುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಒಂದೇ ಬೂಟ್, ಮೂರು ಗುರುತು

ಲಿನಕ್ಸ್ ಏಳುವಾಗ ಕರ್ನಲ್ ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟೂ ಮೆಮೊರಿಗೆ ಬರುತ್ತದೆ. ಅದು ಒಂದು ಮರಿ ಲಿನಕ್ಸ್. ನಿಜವಾದ ರೂಟ್ ಡಿಸ್ಕನ್ನು ಹುಡುಕಿ ತೆರೆದುಕೊಟ್ಟು, ಅಧಿಕಾರ ಒಪ್ಪಿಸಿ ಮಾಯವಾಗುವುದು ಅದರ ಕೆಲಸ. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಈ ಹೊತ್ತಿಗೆ ನೆಟ್‌ವರ್ಕಿನ ಗೊಡವೆಯೇ ಇಲ್ಲ. ಡಿಸ್ಕಿನ ಬೀಗವನ್ನು ಎಸ್‌ಎಸ್‌ಎಚ್ ಮೂಲಕ ತೆಗೆಯಬೇಕಾದರೆ, ಕ್ಲೆವಿಸ್-ಟ್ಯಾಂಗ್ ಜೋಡಿಯಂತೆ ಬೀಗದ ಕೈಗೆ ನೆಟ್‌ವರ್ಕೇ ಬೇಕಾದರೆ, ಅಥವಾ ರೂಟ್ ಡಿಸ್ಕೇ ಎನ್‌ಎಫ್‌ಎಸ್, ಐಸ್ಕಸಿ ಮೂಲಕ ಬೇರೆ ಮಷೀನಿನಲ್ಲಿದ್ದರೆ ಮಾತ್ರ ಆ ಮರಿ ಲಿನಕ್ಸೂ ವಿಳಾಸ ಪಡೆಯಬೇಕು.

ವಿಳಾಸ ಕೊಡುವುದು ಡಿಎಚ್‌ಸಿಪಿ. ಈಗಲೂ ಚಾಲ್ತಿಯಲ್ಲಿರುವ ಅದರ ನಿಯಮಾವಳಿ 1997ರದು, ಆರ್‌ಎಫ್‌ಸಿ 2131. ನಾಲ್ಕು ಮಾತಿನ ವ್ಯವಹಾರ: ಯಾರಾದರೂ ಇದ್ದೀರಾ ಎಂದು ಮಷೀನು ಕೂಗುತ್ತದೆ, ಈ ನಂಬರ್ ಇದೆ ಎಂದು ಸರ್ವರ್ ಹೇಳುತ್ತದೆ, ಅದನ್ನೇ ಕೊಡಿ ಎಂದು ಮಷೀನು ಕೇಳುತ್ತದೆ, ತಗೋ, ಇಷ್ಟು ಹೊತ್ತು ನಿನ್ನದು ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ತೀರ್ಥಕ್ಷೇತ್ರದ ಛತ್ರದಲ್ಲಿ ಗುಮಾಸ್ತ ರಿಜಿಸ್ಟರ್ ತೆರೆದು ಕೋಣೆ ಕೊಡುವ ಹಾಗೆ. ರಿಜಿಸ್ಟರಿನಲ್ಲಿ ಹೆಸರಿದ್ದರೆ ಹಳೆಯ ಕೋಣೆ, ಇಲ್ಲದಿದ್ದರೆ ಹೊಸದು.

ಎಡವಟ್ಟು ಆ ಹೆಸರಿನಲ್ಲಿದೆ. ಸರ್ವರ್ ಮಷೀನನ್ನು ಎರಡು ಬಗೆಯಲ್ಲಿ ಗುರುತಿಸಬಹುದು. ಒಂದು, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ. ಇನ್ನೊಂದು, ಆಯ್ಕೆ 61 ಎಂಬ ಜಾಗದಲ್ಲಿ ಮಷೀನೇ ಬರೆದು ಕಳಿಸುವ ಕ್ಲಯಂಟ್ ಐಡಿ. ಕ್ಲಯಂಟ್ ಐಡಿ ಇದ್ದರೆ ನಿಯಮದ ಪ್ರಕಾರ ಅದಕ್ಕೇ ಮೊದಲ ಮಣೆ. ಡೆಬಿಯನ್ 12ರ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ವಿಳಾಸ ತರುವುದು ಐಪಿಕಾನ್ಫಿಗ್ ಎಂಬ ಚೋಟು ಪ್ರೋಗ್ರಾಮು. ಅದು ಮ್ಯಾಕ್ ತೋರಿಸಿ ಕೈಚಾಚುತ್ತದೆ, ಅಷ್ಟೇ. ಆಮೇಲೆ ಪೂರ್ತಿ ಸಿಸ್ಟಮ್ ಎದ್ದಾಗ ವಿಳಾಸ ಕೇಳುವುದು ನನ್ನಲ್ಲಿ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. ಅದು ನಾವು ಬೇರೆ ಹೇಳದ ಹೊರತು ಡಿಯುಐಡಿ ಎಂಬ ಉದ್ದನೆಯ ಗುರುತನ್ನು ಮುಂದಿಡುತ್ತದೆ. ಛತ್ರಕ್ಕೆ ರಾತ್ರಿ ಬಂದಾಗ "ನಾನು ಮಂಜ" ಎಂದವನು ಬೆಳಿಗ್ಗೆ ಅದೇ ಮುಖ ಹೊತ್ತು ಬಂದು "ಎಚ್. ಎಸ್. ಮಂಜುನಾಥಯ್ಯ" ಎಂದು ರುಜು ಹಾಕಿದ ಹಾಗೆ. ಗುಮಾಸ್ತ ಕಟ್ಟುನಿಟ್ಟಿನವನಾದರೆ ಇಬ್ಬರೆಂದೇ ಬರೆದುಕೊಂಡು ಎರಡು ಕೋಣೆ ಕೊಡುತ್ತಾನೆ. ಇಂಟರ್‌ನೆಟ್ ಕಂಪನಿ ಕೊಟ್ಟಿದ್ದ ನಮ್ಮ ರೂಟರ್ ಅಂಥ ಗುಮಾಸ್ತ. ಅದರ ಪಟ್ಟಿಯಲ್ಲಿ ಒಂದೇ ಮ್ಯಾಕ್ ಎರಡು ಸಾಲಿನಲ್ಲಿ, ಎರಡು ನಂಬರಿನ ಎದುರು ಕೂತಿತ್ತು.

ಮಷೀನು ನೆಟ್‌ವರ್ಕಿನಿಂದಲೇ ಬೂಟ್ ಆಗುವಂಥದಾದರೆ ಇವೆರಡಕ್ಕೂ ಮೊದಲು ಪಿಎಕ್ಸ್‌ಇ ಎಂಬ ಫರ್ಮ್‌ವೇರ್ ಕೂಡ ಕೇಳುತ್ತದೆ, ಮದರ್‌ಬೋರ್ಡಿನ ಯುಯುಐಡಿಯನ್ನು ತೋರಿಸಿ. ಅಲ್ಲಿಗೆ ಒಂದು ಬೂಟಿಗೆ ಮೂರು ಗುರುತು, ಗ್ರಹಚಾರ ಕೆಟ್ಟರೆ ಮೂರು ವಿಳಾಸ.

ಇಷ್ಟು ಅರ್ಥವಾದರೆ ಮಿಕ್ಕಿದ್ದೆಲ್ಲ ಸಲೀಸು. ವಿಳಾಸ ಬದಲಾಯಿತೆಂದು ನಾವು ರೂಟರನ್ನು ಬೈಯುತ್ತೇವೆ. ಬದಲಾಗಿದ್ದು ಕೇಳಿದವನ ಗುರುತು. ವಿಳಾಸವನ್ನು ಹಿಡಿದು ನಿಲ್ಲಿಸಬೇಕಾದರೆ ಬೂಟಿನ ಪ್ರತಿ ಹಂತದಲ್ಲೂ ಮಷೀನು ತನ್ನನ್ನು ಏನೆಂದು ಹೇಳಿಕೊಳ್ಳುತ್ತಿದೆ ಎಂದು ನೋಡಬೇಕು.

ತಂತಿಗೆ ಕಿವಿಗೊಟ್ಟರೆ

ಊಹೆ ಬೇಡ, ಕಣ್ಣಾರೆ ನೋಡಬಹುದು. ಡಿಎಚ್‌ಸಿಪಿಯ ಮೊದಲ ಕೂಗು ಮನೆಯ ನೆಟ್‌ವರ್ಕಿಗೆಲ್ಲ ಕೇಳುವಂಥದ್ದು. ಹಾಗಾಗಿ ಪೈ ಮೇಲೆ ಟಿಸಿಪಿಡಂಪ್ ಹಚ್ಚಿ, 67 ಮತ್ತು 68ನೇ ಪೋರ್ಟುಗಳನ್ನು ಮಾತ್ರ ಸೋಸಿ, ಹೈಫನ್-ವಿ ಹಾಕಿ ವಿವರ ತೋರಿಸಲು ಹೇಳಿ, ಪಕ್ಕದ ದೊಡ್ಡ ಮಷೀನನ್ನು ರೀಬೂಟ್ ಮಾಡಿದೆ.

ಮೊದಲ ಕೂಗು ಇನಿಟ್‌ರಾಮ್‌ಎಫ್‌ಎಸ್‌ನದು. ಮ್ಯಾಕ್ ಇತ್ತು, ಆಯ್ಕೆ 61ರ ಸಾಲು ಇರಲಿಲ್ಲ. ಬೀಗ ತೆಗೆದ ಮೇಲೆ ಎರಡನೇ ಕೂಗು. ಅದೇ ಮ್ಯಾಕ್, ಜೊತೆಗೆ ಕ್ಲಯಂಟ್ ಐಡಿ ಎಂಬ ಸಾಲು, ಉದ್ದ 19 ಬೈಟ್. ಮೊದಲ ಬೈಟ್ 255. ಮುಂದೆ ಬರುವುದು ಡಿಯುಐಡಿ ಬಗೆಯ ಗುರುತು ಎಂದು ಅದರರ್ಥ. 2006ರ ಆರ್‌ಎಫ್‌ಸಿ 4361 ತಂದ ಪದ್ಧತಿ ಇದು. ಆಮೇಲೆ ನಾಲ್ಕು ಬೈಟ್ ಆ ಕಾರ್ಡಿನ ಗುರುತು. ನಂತರ 00:02, ಆಮೇಲೆ 00:00:ಎಬಿ:11. ಈ ಎಬಿ:11 ಅನ್ನು ದಶಮಾಂಶಕ್ಕೆ ಇಳಿಸಿದರೆ 43793, ಸಿಸ್ಟಮ್‌ಡಿ ಯೋಜನೆಗೆ ಕೊಟ್ಟ ನೋಂದಣಿ ಸಂಖ್ಯೆ. ಇದನ್ನು ಕಂಡರೆ ಕೇಳುತ್ತಿರುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಕೊನೆಯ ಎಂಟು ಬೈಟ್ ಮಾತ್ರ ನಮ್ಮ ಮಷೀನಿನ ಸ್ವಂತದ್ದು. ಅದು /ಇಟಿಸಿ/ಮಷೀನ್-ಐಡಿ ಫೈಲಿನಲ್ಲಿರುವ ಸಂಖ್ಯೆಯನ್ನು ಅರೆದು ತೆಗೆದ ರಸ.

ಆ ಮಷೀನ್-ಐಡಿ ಇರುವುದು ರೂಟ್ ಡಿಸ್ಕಿನಲ್ಲಿ. ಅದರ ಬೀಗ ಇನ್ನೂ ತೆಗೆದಿಲ್ಲ! ಡೆಬಿಯನ್ನಿನ ಹಳೇ ಪದ್ಧತಿಯ ಇನಿಟ್‌ರಾಮ್‌ಎಫ್‌ಎಸ್ ಬರೀ ಮ್ಯಾಕ್ ತೋರಿಸುವುದರಿಂದ ನನಗೆ ಕನಿಷ್ಠ ಪ್ರತಿ ಸಲ 23 ಆದರೂ ಸಿಗುತ್ತಿತ್ತು. ಇನಿಟ್‌ರಾಮ್‌ಎಫ್‌ಎಸ್ ಒಳಗೇ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಓಡುವ ಏರ್ಪಾಡಾಗಿದ್ದರೆ ಕಥೆ ಇನ್ನೂ ಹದಗೆಡುತ್ತದೆ. ಮಷೀನ್-ಐಡಿ ಕೈಗೆ ಸಿಗದೆ ಅದು ಆ ಹೊತ್ತಿಗೊಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸಿಕೊಳ್ಳುತ್ತದೆ, ಅದರಿಂದ ಡಿಯುಐಡಿ, ಅದರಿಂದ ಪ್ರತಿ ರೀಬೂಟಿಗೂ ಹೊಸ ಅತಿಥಿ, ಹೊಸ ಕೋಣೆ. ಹತ್ತು ಸಲ ರೀಬೂಟ್ ಮಾಡಿದರೆ ರೂಟರಿನ ಪಟ್ಟಿಯಲ್ಲಿ ಹತ್ತು ಪ್ರೇತಗಳು, ಅವಧಿ ಮುಗಿಯುವವರೆಗೆ.

ನಂಬರನ್ನು ಕಟ್ಟಿಹಾಕುವುದು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇನಿಟ್‌ರಾಮ್‌ಎಫ್‌ಎಸ್‌ಗೆ ಡಿಎಚ್‌ಸಿಪಿಯ ಸಹವಾಸವೇ ಬೇಡ, ಸ್ಥಿರ ವಿಳಾಸ ಬರೆದಿಡಿ. ಕಾರಣ ನಮ್ಮ ಕರೆಂಟು. ಕರೆಂಟ್ ಬಂದ ಕ್ಷಣ ಮಷೀನು, ರೂಟರ್, ಸ್ವಿಚ್ ಎಲ್ಲ ಒಟ್ಟಿಗೇ ಏಳುತ್ತವೆ. ಎಷ್ಟೋ ಸಲ ಮಷೀನು ವಿಳಾಸ ಕೇಳುವ ಹೊತ್ತಿಗೆ ರೂಟರ್ ಇನ್ನೂ ಕಣ್ಣು ಹೊಸಕುತ್ತಿರುತ್ತದೆ. ಗುಮಾಸ್ತನೇ ಎದ್ದಿಲ್ಲದ ಛತ್ರದಲ್ಲಿ ಸ್ವಂತ ಬೀಗದ ಕೈ ಇದ್ದವನೇ ವಾಸಿ.

ಡೆಬಿಯನ್ನಿನಲ್ಲಿ ಇದು /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ ಒಂದೇ ಸಾಲು. ದೊಡ್ಡಕ್ಷರದ ಐಪಿ, ಸಮ ಚಿಹ್ನೆ, ಆಮೇಲೆ ಹೀಗೆ:

192.168.1.41::192.168.1.1:255.255.255.0:ಅಟ್ಟ:ಇಎನ್‌ಪಿ3ಎಸ್0:ಆಫ್

ಕೋಲನ್‌ಗಳ ನಡುವಿನ ಮನೆಗಳು ಕ್ರಮವಾಗಿ ಮಷೀನಿನ ವಿಳಾಸ, ಎನ್‌ಎಫ್‌ಎಸ್ ಸರ್ವರ್, ಗೇಟ್‌ವೇ, ಮಾಸ್ಕ್, ಮಷೀನಿನ ಹೆಸರು, ನೆಟ್‌ವರ್ಕ್ ಪೋರ್ಟಿನ ಹೆಸರು, ತಾನಾಗಿ ವಿಳಾಸ ಹುಡುಕಬೇಕೇ ಬೇಡವೇ ಎಂಬ ಸೂಚನೆ. ಎರಡನೇ ಮನೆ ನಮಗೆ ಬೇಡ, ಅದಕ್ಕೇ ಎರಡು ಕೋಲನ್ ಒತ್ತಾಗಿ ಬಂದಿವೆ. ಅದನ್ನು ಅಚ್ಚಿನ ತಪ್ಪೆಂದುಕೊಂಡು ಒಂದನ್ನು ಅಳಿಸಿದರೆ ಗೇಟ್‌ವೇ ಹೋಗಿ ಸರ್ವರಿನ ಜಾಗದಲ್ಲಿ ಕೂರುತ್ತದೆ, ಮಾಸ್ಕ್ ಗೇಟ್‌ವೇ ಆಗುತ್ತದೆ, ಎಲ್ಲ ಒಂದೊಂದು ಮನೆ ಹಿಂದೆ. ನಾನೂ ಅಳಿಸಿದ್ದೆ. ಇದೇ ಸಾಲನ್ನು ಸಣ್ಣಕ್ಷರದ ಐಪಿ ಎಂದು ಗ್ರಬ್‌ನ ಕರ್ನಲ್ ಸಾಲಿಗೂ ಹಾಕಬಹುದು. ಬರೆದಾದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಹೈಫನ್-ಯು ಓಡಿಸಲೇಬೇಕು. ಅಲ್ಲಿಯವರೆಗೆ ಬದಲಾವಣೆ ಆ ಗಂಟಿನೊಳಗೆ ಸೇರುವುದಿಲ್ಲ.

41 ಎಂಬ ನಂಬರು ರೂಟರ್ ಹಂಚುವ ವ್ಯಾಪ್ತಿಯಿಂದ ಹೊರಗಿರಬೇಕು, ಅಥವಾ ರೂಟರಿನಲ್ಲಿ ಈ ಮ್ಯಾಕಿಗೆಂದೇ ಕಾದಿರಿಸಿರಬೇಕು. ಇಲ್ಲವಾದರೆ ಮಷೀನು ಆರಿದ್ದ ಹೊತ್ತಿನಲ್ಲಿ ಯಾರದೋ ಮೊಬೈಲಿಗೆ ಅದೇ ನಂಬರು ಹೋಗಿ, ಒಂದೇ ಕೋಣೆಗೆ ಇಬ್ಬರು ಬಡಿದಾಡುತ್ತಾರೆ.

ಇನ್ನು ಪೂರ್ತಿ ಸಿಸ್ಟಮ್ ಎದ್ದ ಮೇಲಿನ ಮಾತು. ಅಲ್ಲೂ ಸ್ಥಿರ ವಿಳಾಸವನ್ನೇ ಬರೆಯಬಹುದು, ಎರಡೂ ಕಡೆ ಒಂದೇ ನಂಬರು, ತಕರಾರಿಲ್ಲ. ಆದರೆ ಡಿಎನ್‌ಎಸ್, ಗೇಟ್‌ವೇ ಬದಲಾದಾಗೆಲ್ಲ ಕೈಯಾಡಿಸುವುದು ಬೇಡವೆನಿಸಿದರೆ ಡಿಎಚ್‌ಸಿಪಿ ಇಟ್ಟುಕೊಂಡು ಗುರುತನ್ನು ಮಾತ್ರ ಮ್ಯಾಕಿಗೆ ಇಳಿಸಬೇಕು. ನೆಟ್‌ವರ್ಕ್‌ಡಿಯಲ್ಲಾದರೆ ನಿಮ್ಮ .ನೆಟ್‌ವರ್ಕ್ ಫೈಲಿನ ಡಿಎಚ್‌ಸಿಪಿವಿ4 ವಿಭಾಗದಲ್ಲಿ ಕ್ಲಯಂಟ್‌ಐಡೆಂಟಿಫೈಯರ್=ಮ್ಯಾಕ್. ಉಬುಂಟು ಸರ್ವರಿನವರು ನೆಟ್‌ಪ್ಲಾನ್ ಫೈಲಿನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್ ಎಂದು ಬರೆಯುತ್ತಾರೆ. ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ಐಪಿವಿ4.ಡಿಎಚ್‌ಸಿಪಿ-ಕ್ಲಯಂಟ್-ಐಡಿ ಎಂಬುದಕ್ಕೆ ಮ್ಯಾಕ್ ಎಂಬ ಬೆಲೆ.

ಇಲ್ಲೊಂದು ಸೂಕ್ಷ್ಮ ಉಂಟು. ಹೀಗೆ ಬದಲಿಸಿದ ಮೇಲೆ ನೆಟ್‌ವರ್ಕ್‌ಡಿ ಆಯ್ಕೆ 61ರಲ್ಲಿ 01 ಎಂಬ ಬೈಟಿನ ಮುಂದೆ ಮ್ಯಾಕ್ ಬರೆದು ಕಳಿಸುತ್ತದೆ. ಐಪಿಕಾನ್ಫಿಗ್ ಆ ಆಯ್ಕೆಯನ್ನೇ ಕಳಿಸುವುದಿಲ್ಲ. ಕಟ್ಟುನಿಟ್ಟಿನ ಸರ್ವರಿಗೆ ಇವೂ ಬೇರೆ ಬೇರೆ. ಆದ್ದರಿಂದ ಇನಿಟ್‌ರಾಮ್‌ಎಫ್‌ಎಸ್‌ನಲ್ಲೂ ಡಿಎಚ್‌ಸಿಪಿಯೇ ಬೇಕೆನ್ನುವವರು ಸರ್ವರಿನ ಕಡೆಯಿಂದಲೂ ಹಗ್ಗ ಬಿಗಿಯಬೇಕು. ಪೈ-ಹೋಲ್, ಓಪನ್‌ಡಬ್ಲ್ಯೂಆರ್‌ಟಿ ಬಳಸುವವರ ಡಿಎಚ್‌ಸಿಪಿ ಸರ್ವರ್ ಸಾಮಾನ್ಯವಾಗಿ ಡಿಎನ್‌ಎಸ್‌ಮಾಸ್ಕ್ ಆಗಿರುತ್ತದೆ. ಅದರ ಡಿಎಚ್‌ಸಿಪಿ-ಹೋಸ್ಟ್ ಸಾಲಿನಲ್ಲಿ ಮ್ಯಾಕ್, ವಿಳಾಸಗಳ ಜೊತೆ ಐಡಿ:* ಎಂದು ಸೇರಿಸಿದರೆ ಕ್ಲಯಂಟ್ ಐಡಿಯನ್ನು ಕಡೆಗಣಿಸಿ ಮ್ಯಾಕನ್ನಷ್ಟೇ ನಂಬುತ್ತದೆ. ಒಮ್ಮೆ ಐಡಿ ಕೊಟ್ಟು ಒಮ್ಮೆ ಕೊಡದಿರುವ ಮಷೀನುಗಳಿಗೆಂದೇ ಇರುವ ಸವಲತ್ತು ಇದು. ಐಎಸ್‌ಸಿ ಸರ್ವರಿನಲ್ಲಿ ಇಗ್ನೋರ್-ಕ್ಲಯಂಟ್-ಯುಐಡಿಎಸ್, ಅದರ ಉತ್ತರಾಧಿಕಾರಿ ಕಿಯಾದಲ್ಲಿ ಮ್ಯಾಚ್-ಕ್ಲಯಂಟ್-ಐಡಿಗೆ ಫಾಲ್ಸ್. ಡಿಎನ್‌ಎಸ್‌ಮಾಸ್ಕ್ ಬಗ್ಗೆ ನನಗೆ ಪಕ್ಷಪಾತವೂ ಉಂಟು. ಏನನ್ನೂ ಕಾದಿರಿಸದಿದ್ದರೂ ಅದು ಮ್ಯಾಕನ್ನು ಲೆಕ್ಕಕ್ಕೆ ಹಾಕಿ ನಂಬರು ಆರಿಸುವುದರಿಂದ, ಅವಧಿ ತೀರಿ ಹೋದ ಮಷೀನು ತಿಂಗಳ ಮೇಲೆ ಬಂದರೂ ಬಹುಮಟ್ಟಿಗೆ ಹಳೆಯದೇ ಸಿಗುತ್ತದೆ. ಆ ಒಂದು ಗಂಟೆಯ ಮರುವಾರವೇ ನಾನು ರೂಟರಿನ ಡಿಎಚ್‌ಸಿಪಿ ಆರಿಸಿ ಆ ಕೆಲಸವನ್ನು ಪೈಗೆ ವಹಿಸಿದೆ.

ಇನಿಟ್‌ರಾಮ್‌ಎಫ್‌ಎಸ್ ಒಳಗೂ ಸಿಸ್ಟಮ್‌ಡಿ ಇರುವವರು ಕರ್ನಲ್ ಸಾಲಿನಲ್ಲಿ ಸಿಸ್ಟಮ್‌ಡಿ.ಮಷೀನ್_ಐಡಿ= ಎಂದು ಬರೆದು ಎರಡೂ ಹಂತಕ್ಕೆ ಒಂದೇ ಗುರುತು ಕೊಡಬಹುದು. ಕೆಲಸ ಆಗುತ್ತದೆ, ಆದರೂ ನನಗೆ ರುಚಿಸದ ದಾರಿ. ಮಷೀನ್-ಐಡಿಯನ್ನು ಗುಟ್ಟಾಗಿಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಬೀಗವಿಲ್ಲದ ಬೂಟ್ ವಿಭಾಗದಲ್ಲಿ ಅದನ್ನು ಬರೆದಿಡುವುದೇಕೆ? ಒಳಗಿನ .ನೆಟ್‌ವರ್ಕ್ ಫೈಲಿನಲ್ಲೂ ಗುರುತು ಮ್ಯಾಕ್ ಎಂದರೆ ಸಾಕು.

ನಂಬರು ನಿಂತ ಮೇಲೆ ಹುಟ್ಟುವ ಹೊಸ ರಗಳೆ

ಎರಡೂ ಹಂತದಲ್ಲಿ 41 ಬಂತೆಂದು ಖುಷಿಯಾಗಿ ಎಸ್‌ಎಸ್‌ಎಚ್ ಮಾಡಿದರೆ ಪರದೆಯ ತುಂಬ ಎಚ್ಚರಿಕೆ: ಆ ಕಡೆಯ ಮಷೀನಿನ ಗುರುತು ಬದಲಾಗಿದೆ, ಯಾರೋ ಕದ್ದು ಕೇಳುತ್ತಿರಬಹುದು. ಗಾಬರಿ ಬೇಡ. ಇನಿಟ್‌ರಾಮ್‌ಎಫ್‌ಎಸ್ ಹೊತ್ತಿನಲ್ಲಿ ಬಾಗಿಲು ತೆರೆಯುವುದು ಡ್ರಾಪ್‌ಬೇರ್ ಎಂಬ ಸಣ್ಣ ಎಸ್‌ಎಸ್‌ಎಚ್ ಸರ್ವರ್, ಅದರ ಹೋಸ್ಟ್ ಕೀ ಬೇರೆ. ನಿಜವಾದ ಸಿಸ್ಟಮಿನ ಓಪನ್‌ಎಸ್‌ಎಸ್‌ಎಚ್ ಕೀ ಬೇರೆ. ನಿನ್ನೆಯವರೆಗೆ ಎರಡು ನಂಬರಿದ್ದಾಗ ಎರಡು ಕೀ ಇದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡಕ್ಕೂ ಒಂದೇ ಕೀ ಹಾಕಿ ಮುಗಿಸೋಣ ಎಂದು ಕೈ ತುರಿಸುತ್ತದೆ. ಬೇಡ. ಇನಿಟ್‌ರಾಮ್‌ಎಫ್‌ಎಸ್ ಕೂತಿರುವುದು ಬೀಗವಿಲ್ಲದ ಜಾಗದಲ್ಲಿ. ಡಿಸ್ಕ್ ಕದ್ದೊಯ್ದವನಿಗೆ ನಿಮ್ಮ ಮುಖ್ಯ ಕೀಯನ್ನೂ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಗುತ್ತದೆ. ಡ್ರಾಪ್‌ಬೇರನ್ನು ಹೈಫನ್-ಪಿ 2222 ಎಂದು ಬೇರೆ ಪೋರ್ಟಿಗೆ ಕೂರಿಸಿ. ಎಸ್‌ಎಸ್‌ಎಚ್ ತನ್ನ ಪರಿಚಿತರ ಪಟ್ಟಿಯಲ್ಲಿ ಪೋರ್ಟನ್ನೂ ಸೇರಿಸಿ ಬರೆದುಕೊಳ್ಳುವುದರಿಂದ ಜಗಳ ಅಲ್ಲಿಗೇ ನಿಲ್ಲುತ್ತದೆ. ಡೆಬಿಯನ್ 12ರಲ್ಲಿ ಡ್ರಾಪ್‌ಬೇರಿನ ಸೆಟ್ಟಿಂಗು /ಇಟಿಸಿ/ಡ್ರಾಪ್‌ಬೇರ್/ಇನಿಟ್‌ರಾಮ್‌ಎಫ್‌ಎಸ್ ಫೋಲ್ಡರಿನಲ್ಲಿದೆ, ನಿಮ್ಮ ಸಾರ್ವಜನಿಕ ಕೀಯೂ ಅಲ್ಲೇ ಹೋಗಬೇಕು. ಒಳಹೊಕ್ಕ ಮೇಲೆ ಕ್ರಿಪ್ಟ್‌ರೂಟ್-ಅನ್‌ಲಾಕ್ ಎಂದರೆ ಪಾಸ್‌ವರ್ಡ್ ಕೇಳುತ್ತದೆ.

ಪೋರ್ಟಿನ ಹೆಸರೂ ಓಡಾಡುತ್ತದೆ

ಮೇಲಿನ ಸಾಲಿನಲ್ಲಿ ಇಎನ್‌ಪಿ3ಎಸ್0 ಎಂದು ಬರೆದೆನಲ್ಲ, ಅದೂ ಕಲ್ಲಿನ ಮೇಲಿನ ಬರಹವಲ್ಲ. ಹಿಂದೆ ಎತ್0, ಎತ್1 ಎಂಬ ಹೆಸರಿದ್ದ ಕಾಲದಲ್ಲಿ ಯಾವ ಕಾರ್ಡಿನ ಡ್ರೈವರ್ ಮೊದಲು ಎದ್ದಿತೋ ಅದು ಎತ್0. ಎರಡು ಕಾರ್ಡಿದ್ದರೆ ಇವತ್ತು ಒಂದು, ನಾಳೆ ಇನ್ನೊಂದು. 2013ರಲ್ಲಿ ಸಿಸ್ಟಮ್‌ಡಿ 197ನೇ ಆವೃತ್ತಿಯಿಂದ ಕಾರ್ಡು ಕೂತ ಜಾಗವನ್ನು ನೋಡಿ ಹೆಸರಿಡುವ ಪದ್ಧತಿ ಬಂತು: ಇಎನ್‌ಪಿ3ಎಸ್0 ಎಂದರೆ ಪಿಸಿಐ ಬಸ್ 3, ಸ್ಲಾಟ್ 0. ಚೆನ್ನಾಗಿದೆ, ಆದರೆ ಎನ್‌ವಿಎಂಇ ಡಿಸ್ಕನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಹೊಸದಾಗಿ ಸಿಕ್ಕಿಸಿದರೆ ಬಸ್ಸಿನ ಎಣಿಕೆ ಸರಿದು ಅದೇ ಪೋರ್ಟು ಇಎನ್‌ಪಿ4ಎಸ್0 ಆಗಬಹುದು. ಇನಿಟ್‌ರಾಮ್‌ಎಫ್‌ಎಸ್ ಪಾಪ ಇಎನ್‌ಪಿ3ಎಸ್0 ಬರಲೆಂದು ಕಾಯುತ್ತಲೇ ಇರುತ್ತದೆ.

ಒಂದೇ ಪೋರ್ಟಿನ ಮಷೀನಾದರೆ ಆ ಮನೆಯನ್ನು ಖಾಲಿ ಬಿಡುವುದೇ ಸುಖ. ಎರಡಿದ್ದರೆ ಮ್ಯಾಕಿಗೆ ಕಟ್ಟಿ ನೀವೇ ನಾಮಕರಣ ಮಾಡಿ. /ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಒಳಗೆ 10-ಲ್ಯಾನ್.ಲಿಂಕ್ ಎಂಬ ಫೈಲು; ಮ್ಯಾಚ್ ವಿಭಾಗದಲ್ಲಿ ಪರ್ಮನೆಂಟ್‌ಮ್ಯಾಕ್‌ಅಡ್ರೆಸ್=, ಲಿಂಕ್ ವಿಭಾಗದಲ್ಲಿ ನೇಮ್=ಲ್ಯಾನ್0. ಬರೀ ಮ್ಯಾಕ್‌ಅಡ್ರೆಸ್ ಎನ್ನದೆ ಪರ್ಮನೆಂಟ್ ಎಂದು ಯಾಕೆ ಸೇರಿಸಿದೆನೆಂದರೆ, ಅದೇ ಮ್ಯಾಕನ್ನು ಎರವಲು ಪಡೆದ ವಿಲ್ಯಾನ್, ಬ್ರಿಡ್ಜ್‌ಗಳಿಗೂ ಹೆಸರು ಅಂಟಿಕೊಳ್ಳದಿರಲಿ ಎಂದು. ಎತ್0 ಎಂಬ ಹೆಸರನ್ನು ಮಾತ್ರ ನೀವು ಇಡಬೇಡಿ; ಕರ್ನಲ್ ತಾನೂ ಅದೇ ಹೆಸರು ಕೊಡಲು ಹೊರಟಿರುತ್ತದೆ. ಫೆಡೋರಾ ಕಡೆಯವರ ಡ್ರ್ಯಾಕಟ್‌ನಲ್ಲಿ ಇದಕ್ಕೆ ಕರ್ನಲ್ ಸಾಲಿನ ಐಎಫ್‌ನೇಮ್=ಬೂಟ್‌ನೆಟ್: ಎಂದು ಬರೆದು ಮುಂದೆ ಮ್ಯಾಕ್ ಕೊಡುವ ಪದ್ಧತಿ ಇದೆ, ಜೊತೆಗೆ ಆರ್‌ಡಿ.ನೀಡ್‌ನೆಟ್=1.

ಈ .ಲಿಂಕ್ ಫೈಲಿನಲ್ಲಿ ಜನ ಎಡವುವ ಜಾಗ ಒಂದೇ. ಹೆಸರಿಡುವ ಕೆಲಸ ಮೊದಲು ನಡೆಯುವುದು ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಯುಡೆವ್‌ನಿಂದ. ಫೈಲು ಡಿಸ್ಕಿನಲ್ಲಿ ಮಾತ್ರ ಇದ್ದು ಗಂಟಿನಲ್ಲಿ ಇಲ್ಲದಿದ್ದರೆ ಪೋರ್ಟು ಹಳೆಯ ಹೆಸರಿನಲ್ಲೇ ಎದ್ದಿರುತ್ತದೆ. ಮತ್ತೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್. ಆಮೇಲೆ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಓಡಿಸಿ ಫೈಲಿನ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಕಣ್ಣಿಂದ ನೋಡಿ. ನಂಬಿಕೆಯ ಮೇಲೆ ರೀಬೂಟ್ ಮಾಡಬೇಡಿ.

ಮ್ಯಾಕಿಗೇ ನೆಲೆ ಇಲ್ಲದಾಗ

ಇಷ್ಟೆಲ್ಲ ಮ್ಯಾಕನ್ನು ನಂಬಿ ಹೇಳಿದ್ದಾಯಿತು. ಅದೇ ಬದಲಾದರೆ? ಡೆಸ್ಕ್‌ಟಾಪ್, ಲ್ಯಾಪ್‌ಟಾಪಿನ ಕಾರ್ಡುಗಳಲ್ಲಿ ಮ್ಯಾಕನ್ನು ಕಾರ್ಖಾನೆಯಲ್ಲೇ ಕೆತ್ತಿರುತ್ತಾರೆ. ಪೈಯಲ್ಲೂ ಚಿಪ್ಪಿನಲ್ಲೇ ಬರೆದ ಮಾಹಿತಿಯಿಂದ ಬರುವುದರಿಂದ ತೊಂದರೆಯಿಲ್ಲ. ಅಗ್ಗದ ಕೆಲವು ಬೋರ್ಡುಗಳಲ್ಲಿ ಮಾತ್ರ ಆ ಕೆತ್ತನೆಯೇ ಇರುವುದಿಲ್ಲ. ಆಗ ಕರ್ನಲ್ ಪ್ರತಿ ಬೂಟಿಗೂ ಯಾದೃಚ್ಛಿಕ ಮ್ಯಾಕ್ ಹುಟ್ಟಿಸುತ್ತದೆ, ನಿಮ್ಮ ಕಾದಿರಿಸುವಿಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಪತ್ತೆ ಮಾಡುವುದು ಸುಲಭ. /ಸಿಸ್/ಕ್ಲಾಸ್/ನೆಟ್ ಒಳಗೆ ಆ ಪೋರ್ಟಿನ ಫೋಲ್ಡರಿನಲ್ಲಿ ಅಡ್ರ್_ಅಸೈನ್_ಟೈಪ್ ಎಂಬ ಫೈಲಿದೆ. ಅದರಲ್ಲಿ 0 ಇದ್ದರೆ ಮ್ಯಾಕ್ ಕಾಯಂ, 1 ಇದ್ದರೆ ಯಾದೃಚ್ಛಿಕ, 2 ಇದ್ದರೆ ಇನ್ನೊಂದು ಪೋರ್ಟಿನಿಂದ ಎತ್ತಿದ್ದು, 3 ಇದ್ದರೆ ಯಾವುದೋ ಪ್ರೋಗ್ರಾಮು ಕೂರಿಸಿದ್ದು. 1 ಕಂಡವರಿಗೆ ಸಿಸ್ಟಮ್‌ಡಿ ಒಂದು ಉಪಕಾರ ಮಾಡುತ್ತದೆ: ಮಷೀನ್-ಐಡಿ ಮತ್ತು ಪೋರ್ಟಿನ ಹೆಸರಿನಿಂದ ಲೆಕ್ಕಹಾಕಿ ಸದಾ ಒಂದೇ ಬರುವಂಥ ಮ್ಯಾಕ್ ಕೊಡುತ್ತದೆ. ಆದರೆ ಆ ಮಷೀನ್-ಐಡಿ ಎಲ್ಲಿದೆ? ಮತ್ತೆ ಅದೇ ಬೀಗದ ಹಿಂದೆ. ಇನಿಟ್‌ರಾಮ್‌ಎಫ್‌ಎಸ್ ಹೊತ್ತಿಗೆ ಆ ಉಪಕಾರ ಸಿಗುವುದಿಲ್ಲ.

ಅಂಥ ಬೋರ್ಡಿಗೆ ನೀವೇ ಮ್ಯಾಕ್ ಕೊಡಿ. ಯು-ಬೂಟ್ ಇದ್ದರೆ ಅದರ ಎತ್‌ಅಡ್ರ್ ಎಂಬ ಜಾಗದಲ್ಲಿ, ಇಲ್ಲದಿದ್ದರೆ .ಲಿಂಕ್ ಫೈಲಿನ ಲಿಂಕ್ ವಿಭಾಗದಲ್ಲಿ ಮ್ಯಾಕ್‌ಅಡ್ರೆಸ್= ಎಂದು. ಈ ಫೈಲಿನ ಮ್ಯಾಚ್ ವಿಭಾಗದಲ್ಲಿ ಮ್ಯಾಕ್ ಬಳಸುವಂತಿಲ್ಲ, ಅದೇ ಗೊತ್ತಿಲ್ಲವಲ್ಲ; ಪಾತ್= ಎಂದು ಕಾರ್ಡು ಕೂತ ಜಾಗವನ್ನು ಹಿಡಿಯಬೇಕು. ಕೊಡುವ ಮ್ಯಾಕ್ 02ರಿಂದ ಶುರುವಾಗಲಿ. ಅದು ಸ್ಥಳೀಯವಾಗಿ ಇಟ್ಟ ವಿಳಾಸ ಎಂಬುದರ ಗುರುತು, ಯಾವ ಕಂಪನಿಯ ಕಾರ್ಡಿಗೂ ಢಿಕ್ಕಿ ಹೊಡೆಯುವುದಿಲ್ಲ.

ಬ್ರಿಡ್ಜ್ ಕಟ್ಟಿಕೊಂಡು ವರ್ಚುವಲ್ ಮಷೀನು ಓಡಿಸುವವರಿಗೆ ಒಂದು ಮಾತು. 2019ರ ಸಿಸ್ಟಮ್‌ಡಿ 242ರಿಂದ ಮೇಲಿನ ಲೆಕ್ಕದ ಮ್ಯಾಕ್ ಬ್ರಿಡ್ಜ್‌ಗಳಿಗೂ ಬರತೊಡಗಿತು. ಅದಕ್ಕೂ ಮೊದಲು ಬ್ರಿಡ್ಜ್ ತನ್ನೊಳಗಿನ ನಿಜ ಪೋರ್ಟಿನ ಮ್ಯಾಕನ್ನೇ ತೊಡುತ್ತಿತ್ತು. ಹೀಗಾಗಿ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಕಾರ್ಡಿನ ಮ್ಯಾಕಿಗೆ ಸಿಕ್ಕ ವಿಳಾಸ ಆಮೇಲೆ ಬ್ರಿಡ್ಜ್‌ಗೆ ಸಿಗದೆ ಅಪ್‌ಗ್ರೇಡ್ ಮಾಡಿದ ದಿನ ತಲೆ ಚಚ್ಚಿಕೊಂಡವರು ಬಹಳ. ಬ್ರಿಡ್ಜ್‌ಗೆಂದು .ಲಿಂಕ್ ಫೈಲು ಬರೆದು ಮ್ಯಾಕ್‌ಅಡ್ರೆಸ್‌ಪಾಲಿಸಿ=ನನ್ ಎಂದರೆ ಹಳೆಯ ನಡವಳಿಕೆ ವಾಪಸು.

ವರ್ಚುವಲ್ ಮಷೀನುಗಳದ್ದು ತಿರುಗಾ ಇನ್ನೊಂದು ಬಗೆ, ಅಲ್ಲಿ ಗುರುತು ಬದಲಾಗುವುದಕ್ಕಿಂತ ಎಲ್ಲರಿಗೂ ಒಂದೇ ಆಗುವ ಕಾಟ ಹೆಚ್ಚು. ಒಂದು ಮಷೀನನ್ನು ಅಚ್ಚುಕಟ್ಟಾಗಿ ಸಿದ್ಧಮಾಡಿ ಹತ್ತು ಪ್ರತಿ ತೆಗೆದರೆ ಮಷೀನ್-ಐಡಿಯೂ ಹತ್ತು ಪ್ರತಿ. ಮ್ಯಾಕ್ ಬೇರೆ ಬೇರೆ ಇದ್ದರೂ ಡಿಯುಐಡಿ ಒಂದೇ ಆದ್ದರಿಂದ ಹತ್ತಕ್ಕೂ ಒಂದೇ ವಿಳಾಸ ಬಂದು ಹೊಡೆದಾಡುತ್ತವೆ. ಪ್ರತಿ ತೆಗೆಯುವ ಮುನ್ನ /ಇಟಿಸಿ/ಮಷೀನ್-ಐಡಿಯನ್ನು ಖಾಲಿ ಮಾಡಬೇಕು. ಫೈಲು ಇರಲಿ, ಒಳಗೆ ಏನೂ ಬೇಡ. ಕ್ಯೂಎಮುವನ್ನು ಕೈಯಾರೆ ಓಡಿಸುವವರು ಮ್ಯಾಕ್ ಕೊಡದೆ ಬಿಟ್ಟರೆ ಅದು ಪ್ರತಿಯೊಂದಕ್ಕೂ 52:54:00:12:34:56 ಎಂದೇ ಕೊಡುತ್ತದೆ.

ಹಿಂಬಾಗಿಲು

ಆ ದಿನ ನನಗೆ ಗೊತ್ತಿದ್ದಿದ್ದರೆ ಅಪ್ಪಯ್ಯನಿಗೆ ಅಟ್ಟ ಹತ್ತುವ ಕೆಲಸ ಇರುತ್ತಿರಲಿಲ್ಲ. ಐಪಿವಿ6 ಇರುವ ಕರ್ನಲ್, ಪೋರ್ಟು ಎದ್ದ ಕೂಡಲೇ ಯಾರನ್ನೂ ಕೇಳದೆ ಎಫ್‌ಇ80 ಎಂದು ಶುರುವಾಗುವ ಸ್ಥಳೀಯ ವಿಳಾಸವೊಂದನ್ನು ಮಾಡಿಕೊಳ್ಳುತ್ತದೆ. ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಅದನ್ನು ಮ್ಯಾಕಿನಿಂದಲೇ ಕಟ್ಟುವುದರಿಂದ ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬಹುದು. ಮ್ಯಾಕಿನ ನಡುವೆ ಎಫ್‌ಎಫ್:ಎಫ್‌ಇ ತುರುಕಿ, ಮೊದಲ ಬೈಟಿನ ಒಂದು ಬಿಟ್ ಮಗುಚಿದರೆ ಆಯಿತು. ಮೇಲೆ ಹೇಳಿದ 52:54:00:12:34:56 ಎಂಬ ಮ್ಯಾಕಿಗೆ ಬರುವುದು ಎಫ್‌ಇ80::5054:ಎಫ್‌ಎಫ್:ಎಫ್‌ಇ12:3456. ಪೈಯಿಂದ ಈ ವಿಳಾಸದ ಕೊನೆಗೆ ಶೇಕಡಾ ಚಿಹ್ನೆ ಹಾಕಿ ಪೈಯ ಪೋರ್ಟಿನ ಹೆಸರು ಬರೆದು ಎಸ್‌ಎಸ್‌ಎಚ್ ಮಾಡಿದರೆ, ಡಿಎಚ್‌ಸಿಪಿ ಯಾವ ನಂಬರು ಕೊಟ್ಟಿದ್ದರೂ ಬಾಗಿಲು ತೆರೆಯುತ್ತದೆ. ಒಂದೇ ನೆಟ್‌ವರ್ಕಿನೊಳಗೆ ಮಾತ್ರ ನಡೆಯುವ ಉಪಾಯ ಇದು. ಅದಕ್ಕೇ ಪಕ್ಕದಲ್ಲಿ ಪೈಯಂಥ ಒಂದು ಕಾವಲುಗಾರ ಬೇಕು. ನೆಟ್‌ವರ್ಕ್‌ಮ್ಯಾನೇಜರ್ ಇರುವ ಮಷೀನು ಪೂರ್ತಿ ಎದ್ದ ಮೇಲೆ ಬೇರೆ ಸೂತ್ರದಿಂದ ಬೇರೆ ಎಫ್‌ಇ80 ಕಟ್ಟಿಕೊಳ್ಳಬಹುದು. ಬೀಗ ತೆಗೆಯುವ ಹೊತ್ತಿಗೆ ಅದರಿಂದ ತೊಂದರೆಯಿಲ್ಲ.

ಏನೂ ನೆನಪಿಲ್ಲದ ಹೊತ್ತಿಗೆ ಕೊನೆಯ ಅಸ್ತ್ರ ಎನ್‌ಮ್ಯಾಪ್. ಪೈ ಮೇಲೆ ರೂಟ್ ಆಗಿ ಎನ್‌ಮ್ಯಾಪ್ ಹೈಫನ್-ಎಸ್‌ಎನ್ 192.168.1.0/24 ಎಂದರೆ ಮನೆಯಲ್ಲಿ ಉಸಿರಾಡುತ್ತಿರುವ ಪ್ರತಿ ನಂಬರನ್ನೂ ಅದರ ಮ್ಯಾಕನ್ನೂ ತೋರಿಸುತ್ತದೆ. ಆ ದಿನ 23 ಸಿಕ್ಕಿದ್ದು ಹೀಗೇ.

ಎಲ್ಲ ಮುಗಿಸಿದ ಮೇಲೆ ಪರೀಕ್ಷೆ. ರೀಬೂಟ್ ಆಜ್ಞೆ ಕೊಟ್ಟು ನೋಡಿದರೆ ಸಾಲದು, ಆಗ ರೂಟರ್ ಎದ್ದೇ ಇರುತ್ತದೆ. ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಹಾಕಬೇಕು. ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ಮಷೀನು ತಾನಾಗಿ ಹೊತ್ತಿಕೊಳ್ಳುವಂತೆ ಮಾಡಿದ್ದೀರಾ ಎಂಬುದೂ ಇದರಲ್ಲೇ ತೀರ್ಮಾನವಾಗುತ್ತದೆ. ಫೋನಿನಲ್ಲಿ ಅಪ್ಪಯ್ಯನಿಗೆ ಸ್ವಿಚ್ ಆರಿಸಲು ಹೇಳಿದೆ.

"ಬೇಕಂತಲೇ ಕರೆಂಟ್ ತೆಗೀಬೇಕಾ?" ಎಂದರು. ಎರಡು ಸಲ ಆರಿಸಿ ಹಾಕಿದರು. ಎರಡು ಸಲವೂ 41ರಲ್ಲಿ, 2222ನೇ ಬಾಗಿಲಲ್ಲಿ ಡ್ರಾಪ್‌ಬೇರ್ ಕಾಯುತ್ತಿತ್ತು. ಮೂರನೇ ಸಲ ನಾನು ಹೇಳುವ ಮೊದಲೇ ಕೆಇಬಿಯವರು ತೆಗೆದರು.